ಚಾವಡಿಯಿಂದ ದರ್ಗಾ ಜೈಲಿನವರೆಗೆ: ವಿಜಯಪುರ ಸೀಮೆಯಲ್ಲಿ ಬಂದಿಯ ಹಕ್ಕು ಮತ್ತು ಸರ್ಕಾರಿ ಖರ್ಚಿನ ವಕೀಲ

ಮುಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ, ಅಂದರೆ 1627ರಿಂದ 1656ರವರೆಗಿನ ಅವಧಿಯಲ್ಲಿ, ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಎದ್ದುನಿಂತ ಕಟ್ಟಡಗಳೆಂದರೆ ಎಲ್ಲರ ನೆನಪಿಗೂ ಗೋಳಗುಮ್ಮಟವೇ ಬರುತ್ತದೆಯಾದರೂ, ಈ ಸೀಮೆಯ ನ್ಯಾಯದಾನದ ಚರಿತ್ರೆಯನ್ನು ಬರೆಯುವವರಿಗೆ ಅದೇ ಕಾಲದ ಬೇರೆ ಎರಡು ಕಟ್ಟಡಗಳು ಹೆಚ್ಚು ಮುಖ್ಯವಾಗುತ್ತವೆ. ಒಂದು, ಇಂದು ಅಸರ ಮಹಲ್ ಎಂದು ಹೆಸರಾಗಿರುವ ಅರಮನೆ. ಸುಮಾರು 1646ರಲ್ಲಿ ಇದು ಕಟ್ಟಲ್ಪಟ್ಟದ್ದು ದಾದ್ ಮಹಲ್ ಆಗಿ, ಎಂದರೆ ಪ್ರಜೆಗಳ ದೂರು ಕೇಳಿ ತೀರ್ಪು ಹೇಳುವ ಸಭಾಭವನವಾಗಿ. ಪ್ರವಾದಿಗಳ ಪವಿತ್ರ ಅವಶೇಷಗಳನ್ನು ಅಲ್ಲಿ ಇರಿಸಿದ ಮೇಲೆ ನ್ಯಾಯಸಭೆ ಅಲ್ಲಿಂದ ಕಾಲ್ತೆಗೆಯಿತು. ಇನ್ನೊಂದು, ಅದೇ ದೊರೆಯ ಅಮೀರನಾಗಿದ್ದ ಮುಸ್ತಫಾ ಖಾನನು ದಾರಿಹೋಕರ ತಂಗುವಿಕೆಗೆಂದು ಕಟ್ಟಿಸಿದ ಸರಾಯಿ. ಎತ್ತರದ ಗೋಡೆ, ಒಂದೇ ದೊಡ್ಡ ಬಾಗಿಲು, ಒಳಗೆ ಸುತ್ತಲೂ ಕೋಣೆಗಳಿದ್ದ ಈ ವಿನ್ಯಾಸವು ಬ್ರಿಟಿಷ್ ಆಡಳಿತದ ಕಣ್ಣಿಗೆ ಸೆರೆಮನೆಗೆ ಹೇಳಿ ಮಾಡಿಸಿದಂತೆ ಕಂಡು, ಸರಾಯಿ ಜಿಲ್ಲಾ ಜೈಲಾಯಿತು. ಊರಿನ ಜನ ಇಂದಿಗೂ ಈ ಜೈಲನ್ನು, ಅಂದರೆ ಈಗಿನ ಕೇಂದ್ರ ಕಾರಾಗೃಹವನ್ನು, ಅದಿರುವ ಜಾಗದ ಹೆಸರಿನಿಂದ ದರ್ಗಾ ಜೈಲು ಎಂದೇ ಕರೆಯುತ್ತಾರೆ. ಆ ಬಾಗಿಲ ಒಳಗೆ ಹೋದವನ ಪರವಾಗಿ ಮಾತನಾಡುವವರು ಯಾರು, ಆ ಮಾತು ನ್ಯಾಯಾಲಯದ ಕಟಕಟೆಯಲ್ಲಿಯೇ ಮುಗಿಯಬೇಕೆ ಅಥವಾ ಜೈಲಿನ ಗೋಡೆಯ ಒಳಗೂ ಹೋಗಬೇಕೆ ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಕಳೆದ ನೂರೈವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದೇ ಈ ಪ್ರಬಂಧದ ವಿಷಯ.

ನಗರದ ಆಸುಪಾಸಿನ ಇಟ್ಟಂಗಿಹಾಳ, ಪಶ್ಚಿಮದ ತಿಕೋಟಾ, ದಕ್ಷಿಣದ ಬಬಲೇಶ್ವರಗಳಂಥ ಊರುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ರೈತನೊಬ್ಬನಿಗೆ ಸೆರೆಯ ಮೊದಲ ಪರಿಚಯ ಆಗುತ್ತಿದ್ದುದು ಜೈಲಿನಲ್ಲಲ್ಲ, ಊರ ಚಾವಡಿಯಲ್ಲಿ. ಪೇಶ್ವೆಯ ಪತನದ ಬಳಿಕ ಸಾತಾರಾ ಅರಸರ ಕೈಗೆ ಹೋಗಿದ್ದ ಈ ಪ್ರದೇಶ 1848ರಲ್ಲಿ ಆ ಸಂಸ್ಥಾನದೊಂದಿಗೆ ಕಂಪನಿ ಸರ್ಕಾರದ ವಶವಾಯಿತು; 1864ರಲ್ಲಿ ಕಲಾದಗಿ ಜಿಲ್ಲೆ ರೂಪುಗೊಂಡಿತು; 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಈ ನಡುವೆ ಜಾರಿಗೆ ಬಂದ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯು ಪೊಲೀಸ್ ಪಾಟೀಲನಿಗೆ, ಅಂದರೆ ಊರ ಗೌಡನಿಗೆ, ಬೈಗುಳ ಮತ್ತು ಸಣ್ಣ ಹೊಡೆದಾಟದಂಥ ಪ್ರಕರಣಗಳಲ್ಲಿ ತಪ್ಪಿತಸ್ಥನನ್ನು ಇಪ್ಪತ್ತನಾಲ್ಕು ಗಂಟೆಗಳವರೆಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವನ್ನು ಕೊಡಲು ಅವಕಾಶ ಕಲ್ಪಿಸಿತ್ತು. ಅಲ್ಲಿ ವಕೀಲನಿರಲಿಲ್ಲ, ಇರಬೇಕೆಂದು ಯಾರಿಗೂ ಅನಿಸಿಯೂ ಇರಲಿಲ್ಲ. ಬಂದಿಗೆ ಇದ್ದ ಒಂದೇ ರಕ್ಷಣೆಯೆಂದರೆ ಅವನ ಮನೆಯವರು ಚಾವಡಿಯ ಕಟ್ಟೆಗೆ ಬಂದು ಗೌಡನೊಡನೆ ನೇರವಾಗಿ ಮಾತನಾಡಬಹುದಾಗಿತ್ತು ಎಂಬುದು. ಈ ವ್ಯವಸ್ಥೆಯನ್ನು ಹಳ್ಳಿಯ ಸಹಜ ನ್ಯಾಯವೆಂದು ಕೊಂಡಾಡುವವರಿದ್ದಾರೆ. ಆದರೆ ಚಾವಡಿಯ ಮಾತು ಯಾರ ಬಾಯಿಂದ ಬಂದರೆ ನಡೆಯುತ್ತಿತ್ತು, ಯಾವ ಕೇರಿಯವರು ಕಟ್ಟೆಯ ಕೆಳಗೇ ನಿಲ್ಲಬೇಕಾಗಿತ್ತು ಎಂಬುದನ್ನು ಬಲ್ಲವರು ಆ ಕೊಂಡಾಟಕ್ಕೆ ಸುಲಭವಾಗಿ ದನಿಗೂಡಿಸಲಾರರು.

ಅಪರಾಧ ದೊಡ್ಡದಾದಾಗ ಪ್ರಕರಣ ಚಾವಡಿಯಿಂದ ಮ್ಯಾಜಿಸ್ಟ್ರೇಟರ ಕಚೇರಿಗೆ, ಅಲ್ಲಿಂದ ಸೆಷನ್ಸ್ ನ್ಯಾಯಾಲಯಕ್ಕೆ ಏರುತ್ತಿತ್ತು, ಮತ್ತು ಏರಿದಷ್ಟೂ ಆರೋಪಿಗೆ ನಡೆಯುತ್ತಿರುವುದು ಅರ್ಥವಾಗುವುದು ಕಡಿಮೆಯಾಗುತ್ತಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 340ನೆಯ ಕಲಮು ಆರೋಪಿಯು ವಕೀಲನ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳಬಹುದೆಂದು ಹೇಳಿತ್ತಾದರೂ, ಅದು ವಕೀಲನನ್ನು ತಾನೇ ಗೊತ್ತುಮಾಡಿಕೊಂಡು ಬರುವ ಹಕ್ಕೇ ಹೊರತು ಗೊತ್ತುಮಾಡಿಕೊಡಬೇಕೆಂದು ಸರ್ಕಾರವನ್ನು ಕೇಳುವ ಹಕ್ಕಾಗಿರಲಿಲ್ಲ. ಮರಣದಂಡನೆ ಆಗಬಹುದಾದ ಖೂನಿ ಮೊಕದ್ದಮೆಗಳಲ್ಲಿ ಮಾತ್ರ ನ್ಯಾಯಾಲಯವೇ ಒಬ್ಬ ವಕೀಲನನ್ನು ಅಲ್ಪ ಸಂಭಾವನೆಗೆ ನೇಮಿಸುವ ರೂಢಿ ಬೆಳೆದಿತ್ತು. ಜೈಲಿನ ಒಳಗಿನ ಬದುಕನ್ನು ನಿಯಂತ್ರಿಸಿದ್ದು ಬೇರೊಂದು ಕಾನೂನು, 1894ರ ಬಂದೀಖಾನೆ ಕಾಯ್ದೆ. ಆ ಕಾಯ್ದೆಯ 40ನೆಯ ಕಲಮಿನಲ್ಲಿ, ವಿಚಾರಣಾಧೀನ ಬಂದಿಯು, ಅಂದರೆ ಇನ್ನೂ ಅಪರಾಧಿಯೆಂದು ತೀರ್ಮಾನವಾಗದೆ ಸೆರೆಯಲ್ಲಿರುವವನು, ತನ್ನ ವಕೀಲನನ್ನು ಬೇರೆ ಯಾರೂ ಹಾಜರಿರದಂತೆ ಭೇಟಿಯಾಗಲು ಸಾಧ್ಯವಾದಷ್ಟು ಅನುವು ಮಾಡಿಕೊಡಬೇಕೆಂಬ ಮಾತಿದೆ. ಅದೇ ಕಾಯ್ದೆಯ 46ನೆಯ ಕಲಮು ಜೈಲಿನ ಶಿಸ್ತು ಮುರಿದವನಿಗೆ ಕೈಕೋಳ, ಬೇಡಿ, ಒಂಟಿಕೋಣೆ, ಆಹಾರ ಕಡಿತ, ಛಡಿಯೇಟುಗಳನ್ನು ವಿಧಿಸುವ ಅಧಿಕಾರವನ್ನು ಸೂಪರಿಂಟೆಂಡೆಂಟರ ಕೈಗೆ ಕೊಡುತ್ತದೆ. ವಕೀಲನ ಭೇಟಿ ಮೊಕದ್ದಮೆಯ ಸಲುವಾಗಿ ಮಾತ್ರ. ಛಡಿಯೇಟಿನ ವಿಚಾರದಲ್ಲಿ ಅವನಿಗೆ ಕೆಲಸವಿಲ್ಲ. ಬಂದಿಯ ದೇಹವನ್ನು ಎರಡು ಕಾನೂನುಗಳು ಹೀಗೆ ಹಂಚಿಕೊಂಡದ್ದರಿಂದ ಹುಟ್ಟಿದ ಅಭ್ಯಾಸ, ಎಂದರೆ ತೀರ್ಪು ಬಂದ ದಿನವೇ ವಕೀಲನ ಹೊಣೆ ತೀರಿತೆಂದು ತಿಳಿಯುವ ಅಭ್ಯಾಸ, ವಸಾಹತು ಆಡಳಿತಕ್ಕಿಂತ ಹೆಚ್ಚು ಕಾಲ ಬಾಳಿತು.

ಶಿಕ್ಷೆಯಾದವನಿಗೆ ಉಳಿದಿದ್ದ ದಾರಿ ಜೈಲು ಅಪೀಲು. ಬಂದಿಯು ತನ್ನ ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ, ಆ ಅಧಿಕಾರಿಯು ಅದನ್ನು ಮೇಲಿನ ನ್ಯಾಯಾಲಯಕ್ಕೆ ಕಳುಹಿಸಲೇಬೇಕೆಂಬ ಈ ಏರ್ಪಾಡು ಹಳೆಯ ಸಂಹಿತೆಯಲ್ಲಿಯೂ ಇತ್ತು, ಮುಂದಿನ ಸಂಹಿತೆಗಳಲ್ಲಿಯೂ ಉಳಿದುಬಂದಿತು. ಇಟ್ಟಂಗಿಹಾಳದ ಒಬ್ಬ ಒಕ್ಕಲಿಗನ ಪಾಲಿಗೆ ಆ ಮೇಲಿನ ನ್ಯಾಯಾಲಯ ಮುಂಬಯಿಯಲ್ಲಿತ್ತು. ಅಪೀಲಿನ ಅರ್ಜಿಯನ್ನು ಜೈಲಿನಲ್ಲಿ ಓದುಬರಹ ಬಲ್ಲ ಯಾರಾದರೂ ಬರೆದುಕೊಡಬೇಕಾಗಿತ್ತು, ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕಾಗಿತ್ತು, ಅಲ್ಲಿ ಅದರ ಪರವಾಗಿ ವಾದಿಸುವವರು ಇಲ್ಲದೆ ಬರಿಯ ಕಾಗದವೇ ನ್ಯಾಯಮೂರ್ತಿಗಳ ಮುಂದೆ ನಿಲ್ಲಬೇಕಾಗಿತ್ತು.

ವಿಚಾರಣೆಯೇ ಇಲ್ಲದೆ ಸೆರೆಯಾದವರ ಕಥೆ ಇದಕ್ಕಿಂತ ಕಠಿಣ, ಮತ್ತು ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ವಿಜಾಪುರದಲ್ಲಿಯೇ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಒಂದು ಇಡೀ ಸಮುದಾಯವನ್ನು ಹುಟ್ಟಿನಿಂದಲೇ ಅಪರಾಧಿಯೆಂದು ಅಧಿಸೂಚಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತಲ್ಲದೆ, ಅಂಥ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲವೆಂದು ಸ್ಪಷ್ಟವಾಗಿ ಹೇಳಿತು. 1911ರಲ್ಲಿ ಕಾಯ್ದೆಯನ್ನು ಹೊಸದಾಗಿ ರೂಪಿಸಿ ದೇಶದ ಇತರ ಭಾಗಗಳಿಗೂ ಹಬ್ಬಿಸಲಾಯಿತು. ಮುಂಬಯಿ ಪ್ರಾಂತದಲ್ಲಿ ಇದರ ಪ್ರಕಾರ ಸೆಟ್ಲಮೆಂಟುಗಳು, ಎಂದರೆ ತಂತಿಬೇಲಿಯ ಒಳಗಿನ ಕಾವಲು ವಸತಿಗಳು ಸ್ಥಾಪನೆಯಾದವು. ಅವುಗಳ ಅಧಿಕಾರಿಯಾಗಿದ್ದ ಓ.ಎಚ್.ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯು ತನ್ನ ಪ್ರಯೋಗವನ್ನು ಆರಂಭಿಸಿದ್ದು ವಿಜಾಪುರದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಖೊಟ್ಟಿ ನಾಣ್ಯ ತಯಾರಿಸುವವರೆಂದು ಪೊಲೀಸ್ ದಾಖಲೆಗಳಲ್ಲಿ ಹೆಸರಾಗಿದ್ದ ಛಪ್ಪರಬಂದರು, ಗಂಟಿಚೋರರೆಂದು ಸರ್ಕಾರ ಕರೆಯುತ್ತಿದ್ದವರು ಇಲ್ಲಿ ನೆಲೆಗೊಳಿಸಲ್ಪಟ್ಟರು; ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇದೇ ಮಾದರಿಯ ವಸತಿಗಳು ತಲೆಯೆತ್ತಿದಾಗ ಅಲ್ಲಿಯ ಗಿರಣಿಗಳಿಗೆ ಬೇಕಾದ ಕೂಲಿಯಾಳುಗಳೂ ದೊರೆತರು.

ಸ್ಟಾರ್ಟ್ ಕ್ರೂರಿಯಾಗಿರಲಿಲ್ಲ; ಶಾಲೆ, ಕೆಲಸ, ನೆಲೆ ಕೊಟ್ಟರೆ ಈ ಜನ ಸುಧಾರಿಸುತ್ತಾರೆಂದು ಆತ ಪ್ರಾಮಾಣಿಕವಾಗಿ ನಂಬಿದ್ದ. 1919–20ರ ಭಾರತೀಯ ಜೈಲು ಸಮಿತಿಯೂ ಈ ವಸತಿಗಳ ಪರವಾಗಿಯೇ ಇತ್ತು. ಆದರೆ ಹಾಜರಿ ಕರೆದಾಗ ಬರದಿದ್ದರೆ, ಪರವಾನಗಿ ಚೀಟಿಯಿಲ್ಲದೆ ಬೇಲಿ ದಾಟಿ ಸಂತೆಗೆ ಹೋದರೆ ಅದೇ ಒಂದು ಅಪರಾಧವಾಗುತ್ತಿದ್ದಾಗ, ಆ ಮನುಷ್ಯನಿಗೆ ವಕೀಲನಿದ್ದರೂ ವಾದಿಸಲು ಉಳಿಯುತ್ತಿದ್ದುದು ಚೀಟಿ ಇತ್ತೋ ಇರಲಿಲ್ಲವೋ ಎಂಬುದಷ್ಟೇ. ತಾನು ಅಪರಾಧಿಯೇ ಅಲ್ಲವೆಂಬ ಮೂಲ ವಾದಕ್ಕೆ ಕಾನೂನಿನಲ್ಲಿ ಜಾಗವಿರಲಿಲ್ಲ. ವಕೀಲನ ನೆರವು ಎಂಬುದು ಸೆರೆಯ ಕಾರಣವನ್ನು ಪ್ರಶ್ನಿಸಲು ಅವಕಾಶವಿರುವಲ್ಲಿ ಮಾತ್ರ ಬೆಲೆಯುಳ್ಳದ್ದೆಂಬ ಮಾತಿಗೆ ವಿಜಾಪುರದ ಈ ವಸತಿಗಿಂತ ಸ್ಪಷ್ಟವಾದ ಉದಾಹರಣೆ ಕರ್ನಾಟಕದ ಚರಿತ್ರೆಯಲ್ಲಿ ಸಿಗುವುದು ಕಷ್ಟ. ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ವಿಮುಕ್ತ ಸಮುದಾಯಗಳು ಈಗಲೂ ಆಚರಿಸುತ್ತವೆ. ಕಾಯ್ದೆ ಹೋದರೂ ಅದರ ಪದಗಳು ಜೈಲು ಕೈಪಿಡಿಗಳಲ್ಲಿ ಎಷ್ಟು ಕಾಲ ಉಳಿದವೆಂಬುದನ್ನು ಮುಂದೆ ನೋಡಬಹುದು.

ಅಸಹಕಾರ ಮತ್ತು ಕಾನೂನುಭಂಗ ಚಳವಳಿಗಳ ಕಾಲದಲ್ಲಿ ಜೈಲಿಗೆ ಹೋದ ವಿದ್ಯಾವಂತರಿಂದಾಗಿ ಸೆರೆಮನೆಯ ಒಳಗಿನ ಸ್ಥಿತಿ ಹೊರಗಿನ ಪತ್ರಿಕೆಗಳಿಗೆ ತಿಳಿಯತೊಡಗಿತು. 1929ರ ಸೆಪ್ಟೆಂಬರಿನಲ್ಲಿ ಲಾಹೋರಿನಲ್ಲಿ ಜತೀಂದ್ರನಾಥ ದಾಸರು ಉಪವಾಸದಿಂದ ಪ್ರಾಣಬಿಟ್ಟ ಬಳಿಕ ಬಂದಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುವ ಪದ್ಧತಿ ಜಾರಿಗೆ ಬಂದಿತು. ಇದರಿಂದ ಓದಿದವರಿಗೆ ಪುಸ್ತಕ, ಪತ್ರ, ಒಳ್ಳೆಯ ಊಟ ಸಿಕ್ಕಿದವು. ಸಿ ವರ್ಗದ ಬಂದಿಯ, ಎಂದರೆ ಹೆಚ್ಚಿನ ಬಂದಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ.

ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡುವ ಯೋಚನೆ ವಿಜಾಪುರ ಸೀಮೆಗೆ ಬಂದದ್ದು ಮೈಸೂರಿನ ಕಡೆಯಿಂದಲ್ಲ, ಮುಂಬಯಿಯ ಕಡೆಯಿಂದ. ಮುಂಬಯಿಯಲ್ಲಿ 1920ರ ದಶಕದಲ್ಲಿಯೇ ಖಾಸಗಿಯಾಗಿ ಕಾನೂನು ನೆರವಿನ ಸಂಘವೊಂದು ಹುಟ್ಟಿಕೊಂಡಿತ್ತು. 1949ರಲ್ಲಿ ಮುಂಬಯಿ ಸರ್ಕಾರವು ನ್ಯಾಯಮೂರ್ತಿ ಎನ್.ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ಕಾನೂನು ನೆರವು ಮತ್ತು ಸಲಹೆಯ ಕುರಿತು ಸಮಿತಿಯನ್ನು ನೇಮಿಸಿತು. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದ ಭಾಗವಾಗಿದ್ದರಿಂದ ಆ ಸಮಿತಿಯ ಆಲೋಚನೆಯ ವ್ಯಾಪ್ತಿಯಲ್ಲಿ ತಿಕೋಟಾದ ಆರೋಪಿಯೂ ಇದ್ದನೆನ್ನಬಹುದು. ಆದರೆ ಕಾಗದದ ಮೇಲಿನ ಈ ಉದಾರತೆಗೂ ನ್ಯಾಯಾಲಯಗಳ ನಿಲುವಿಗೂ ನಡುವೆ ದೊಡ್ಡ ಅಂತರವಿತ್ತು. ಭೀಮೆಯ ಆಚೆಗಿದ್ದ ಹೈದರಾಬಾದ್ ರಾಜ್ಯದಲ್ಲಿ ತೆಲಂಗಾಣದ ರೈತ ಹೋರಾಟದ ಸಂದರ್ಭದಲ್ಲಿ ಮರಣದಂಡನೆಗೆ ಗುರಿಯಾದವರು ತಮಗೆ ವಕೀಲರೇ ಇರಲಿಲ್ಲವೆಂದು ದೂರಿದಾಗ, ಸುಪ್ರೀಂ ಕೋರ್ಟ್ 1951ರ ಜನಾರ್ದನ ರೆಡ್ಡಿ ಪ್ರಕರಣದಲ್ಲಿ, ವಕೀಲನಿಲ್ಲದ ಮಾತ್ರಕ್ಕೆ ವಿಚಾರಣೆ ಅಸಿಂಧುವಾಗುವುದಿಲ್ಲವೆಂದಿತು. ಸಂವಿಧಾನದ 22ನೆಯ ವಿಧಿ ತನಗೆ ಬೇಕಾದ ವಕೀಲನನ್ನು ಹೊಂದುವ ಹಕ್ಕನ್ನು ಕೊಟ್ಟಿದೆ. ಆ ಕಾಲದಲ್ಲಿ ಅದನ್ನು ದುಡ್ಡಿದ್ದವನ ಹಕ್ಕೆಂದೇ ಓದಲಾಯಿತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅಪೀಲಿನ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. ಮುಂದೆ 1963ರ ಬಂದೀಖಾನೆ ಕಾಯ್ದೆ, 1974ರ ಬಂದೀಖಾನೆ ನಿಯಮಗಳು, 1978ರ ಕೈಪಿಡಿ ಒಂದರ ಹಿಂದೊಂದು ಬಂದರೂ ಅವುಗಳ ಮೈಕಟ್ಟು 1894ರದ್ದೇ ಆಗಿತ್ತು. ಬಂದಿಗೂ ನಾಗರಿಕ ಹಕ್ಕುಗಳುಂಟೆಂಬ ಮಾತು ಮೊದಮೊದಲು ಬಂದದ್ದು ರಾಜಕೀಯ ಬಂದಿಗಳ ಪ್ರಕರಣಗಳಲ್ಲಿ. ಮುಂಬಯಿಯ ಜೈಲಿನಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬ ಸ್ಥಾನಬದ್ಧರು, ಎಂದರೆ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು, ಪರಮಾಣುವಿನ ಕುರಿತು ಮರಾಠಿಯಲ್ಲಿ ಬರೆದ ವಿಜ್ಞಾನ ಪುಸ್ತಕವನ್ನು ಪ್ರಕಟಣೆಗೆ ಹೊರಕಳಿಸಲು ಸರ್ಕಾರ ಅನುಮತಿ ನಿರಾಕರಿಸಿದಾಗ, ನಿಯಮಗಳಲ್ಲಿ ಇಲ್ಲದ ನಿರ್ಬಂಧವನ್ನು ಬಂದಿಯ ಮೇಲೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1965ರಲ್ಲಿ ತೀರ್ಪಿತ್ತಿತು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹ ವಿರೋಧ ಪಕ್ಷಗಳ ನಾಯಕರಿಂದ ತುಂಬಿತ್ತು. ಅವರ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದ ಉಚ್ಚ ನ್ಯಾಯಾಲಯಗಳ ಸಾಲಿನಲ್ಲಿ ಕರ್ನಾಟಕದ್ದೂ ಇತ್ತು, ಮತ್ತು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಎಲ್ಲ ತೀರ್ಪುಗಳನ್ನು ತಳ್ಳಿಹಾಕಿತು. ಅಧಿಕಾರಕ್ಕೆ ಬರಲಿದ್ದವರು ಜೈಲನ್ನು ಒಳಗಿನಿಂದ ಕಂಡ ಈ ಸುಮಾರು ಎರಡು ವರ್ಷಗಳ ಅನುಭವವಿಲ್ಲದೆ, ಮುಂದಿನ ದಶಕದ ತೀರ್ಪುಗಳಲ್ಲಿ ಕಾಣುವ ಆವೇಶವನ್ನು ವಿವರಿಸುವುದು ಸುಲಭವಲ್ಲ.

1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯ 304ನೆಯ ಕಲಮು ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸುವ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡಬೇಕೆಂದು ವಿಧಿಸಿತ್ತು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39ಎ ವಿಧಿಯು ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದಿತು. ಇವೆರಡನ್ನೂ ಜೈಲಿನ ಗೋಡೆಯ ಒಳಕ್ಕೆ ಒಯ್ದ ಪ್ರಕರಣಕ್ಕೆ ಕನ್ನಡ ನಾಡಿನ ನಂಟಿರುವುದು ಕಾಕತಾಳೀಯವಾದರೂ ಗಮನಿಸತಕ್ಕದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ, ಅಂದರೆ ವಿಜಾಪುರದ ಕಾಲೇಜುಗಳೂ ಆಗ ಸಂಯೋಜಿತವಾಗಿದ್ದ ವಿಶ್ವವಿದ್ಯಾಲಯದ, ನಕಲಿ ಪದವಿಪತ್ರಗಳನ್ನು ತಯಾರಿಸಲು ಯತ್ನಿಸಿದನೆಂಬ ಆರೋಪ ಹೊತ್ತ ಎಂ.ಎಚ್. ಹೊಸ್ಕೋಟ್ ಎಂಬ ಅಧ್ಯಾಪಕನಿಗೆ ಕೆಳಗಿನ ನ್ಯಾಯಾಲಯ ನಾಮಮಾತ್ರದ ಶಿಕ್ಷೆ ಕೊಟ್ಟಿತ್ತು. ಮುಂಬಯಿ ಉಚ್ಚ ನ್ಯಾಯಾಲಯ 1973ರಲ್ಲಿ ಅದನ್ನು ಮೂರು ವರ್ಷಗಳಿಗೆ ಏರಿಸಿತು. ಆ ತೀರ್ಪಿನ ಪ್ರತಿ ಬಂದಿಯ ಕೈಗೆ ಸಕಾಲದಲ್ಲಿ ಸೇರಿತೆಂಬುದಕ್ಕೆ ಅವನ ಸಹಿಯಿದ್ದ ರಸೀದಿಯೇ ಇರಲಿಲ್ಲ. ಸುಪ್ರೀಂ ಕೋರ್ಟಿಗೆ ಅವನ ಅರ್ಜಿ ಬರುವ ಹೊತ್ತಿಗೆ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. 1978ರ ಆಗಸ್ಟ್ 17ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಅರ್ಜಿಯನ್ನೇನೋ ವಜಾಮಾಡಿದರು. ಆದರೆ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ, ಸಕಾಲದಲ್ಲಿ ಕೊಡಬೇಕು, ಅದು ತಲುಪಿದ್ದಕ್ಕೆ ಜೈಲಿನವರು ಬರಹದಲ್ಲಿ ಸ್ವೀಕೃತಿ ಪಡೆಯಬೇಕು, ಅಪೀಲಿಗೆ ವಕೀಲನನ್ನು ಗೊತ್ತುಮಾಡಿಕೊಳ್ಳಲಾರದವನಿಗೆ ನ್ಯಾಯಾಲಯವೇ ಒಬ್ಬರನ್ನು ನೇಮಿಸಿ ಅವರ ಸಂಭಾವನೆಯನ್ನು ರಾಜ್ಯದಿಂದ ಕೊಡಿಸಬೇಕು ಎಂಬ ಸೂತ್ರಗಳನ್ನು ಅವರು ಆ ತೀರ್ಪಿನಲ್ಲಿಯೇ ಹಾಕಿಕೊಟ್ಟರು. ಬಂದಿಯ ಹಕ್ಕು ಎಂಬ ದೊಡ್ಡ ಮಾತು ಒಂದು ಕಾಗದದ ಪ್ರತಿ ಮತ್ತು ಒಂದು ಸಹಿಯ ಮಟ್ಟಕ್ಕೆ ಇಳಿದು ಬಂದದ್ದೇ ಈ ತೀರ್ಪಿನ ನಿಜವಾದ ಹೆಚ್ಚುಗಾರಿಕೆ.

ಅದೇ ವರ್ಷದ ಮೋತಿ ರಾಮ್ ಪ್ರಕರಣದಲ್ಲಿ ಅದೇ ನ್ಯಾಯಮೂರ್ತಿಗಳು ಜಾಮೀನಿನ ಪ್ರಶ್ನೆಯನ್ನು ಎತ್ತಿಕೊಂಡರು: ದೂರದ ಊರೊಂದರಲ್ಲಿ ಬಂಧನಕ್ಕೊಳಗಾದ ಕನ್ನಡಿಗನೋ ತಮಿಳನೋ ಅಲ್ಲಿಯ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಅರ್ಥದ ಪ್ರಶ್ನೆ ಆ ತೀರ್ಪಿನಲ್ಲಿದೆ. ವಿಜಯಪುರ ಸೀಮೆಯಲ್ಲಿ ಇದು ತಿರುವುಮುರುವಾಗಿಯೂ ನಿಜ. ಜಾಮೀನು ನಿಲ್ಲುವವರು ಹೊಲದ ಉತಾರ, ಅಂದರೆ ದಕ್ಷಿಣದ ಜಿಲ್ಲೆಗಳವರು ಪಹಣಿ ಎನ್ನುವ ಭೂದಾಖಲೆಯ ಪ್ರತಿಯನ್ನು, ಹಾಜರುಪಡಿಸಬೇಕಾಗುತ್ತದೆ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಿಗೆ ದುಡಿಯಲು ಬಂದ ಪರಊರಿನ ಕೂಲಿಯವನಿಗಾಗಲಿ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಅಲ್ಲಿ ಸಿಕ್ಕಿಬಿದ್ದ ಇಲ್ಲಿಯ ಭೂಹೀನನಿಗಾಗಲಿ ಉತಾರ ಕೊಡುವ ನಂಟರಿರುವುದಿಲ್ಲ. ಜಾಮೀನು ಮಂಜೂರಾಗಿಯೂ ಜೈಲಿನಲ್ಲಿ ಕುಳಿತಿರುವವರು ಇಂಥವರೇ. ಇವರ ವಿಷಯದಲ್ಲಿ ವಕೀಲನು ಮಾಡಬೇಕಾದ ಕೆಲಸ ಭಾಷಣವಲ್ಲ, ಶರತ್ತು ಸಡಿಲಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ಇನ್ನೊಂದು ಅರ್ಜಿ.

ಜೈಲಿನ ಒಳಗೆ ನಡೆಯುವ ಹಿಂಸೆಯ ಪ್ರಶ್ನೆ 1979ರ ಡಿಸೆಂಬರಿನಲ್ಲಿ ತೀರ್ಮಾನವಾದ ಎರಡನೆಯ ಸುನಿಲ್ ಬಾತ್ರಾ ಪ್ರಕರಣದಲ್ಲಿ ನೇರವಾಗಿ ಎದುರಾಯಿತು. ತಿಹಾರ ಜೈಲಿನ ಬಂದಿಯೊಬ್ಬ ಇನ್ನೊಬ್ಬ ಬಂದಿಯ ಮೇಲೆ ನಡೆದ ಹಲ್ಲೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ನ್ಯಾಯಾಲಯವು ತನ್ನ ಪರವಾಗಿ ಜೈಲಿಗೆ ಹೋಗಿ, ಬಂದಿಯನ್ನು ಕಂಡು, ದಾಖಲೆ ನೋಡಿ ವರದಿ ಕೊಡುವಂತೆ ವಕೀಲರನ್ನು ನೇಮಿಸಿತು. ನ್ಯಾಯಾಲಯಗಳು ನಾಮನಿರ್ದೇಶನ ಮಾಡಿದ ವಕೀಲರಿಗೆ ಬಂದಿಗಳನ್ನು ಗುಟ್ಟಾಗಿ ಭೇಟಿಯಾಗುವ ಅವಕಾಶವಿರಬೇಕು, ಜೈಲುಗಳಲ್ಲಿ ದೂರಿನ ಪೆಟ್ಟಿಗೆಗಳಿರಬೇಕು, ಜಿಲ್ಲಾ ನ್ಯಾಯಾಧೀಶರು ಭೇಟಿಕೊಡಬೇಕು, ಒಂಟಿಕೋಣೆಯಂಥ ಕಠಿಣ ಶಿಕ್ಷೆಗೆ ನ್ಯಾಯಾಂಗದ ಪರಿಶೀಲನೆಯಿರಬೇಕು ಎಂಬ ನಿರ್ದೇಶನಗಳು ಈ ತೀರ್ಪಿನವು. 1894ರ ಕಾಯ್ದೆಯ 46ನೆಯ ಕಲಮಿನ ಛಡಿಯೇಟಿಗೂ ವಕೀಲನಿಗೂ ಸಂಬಂಧವಿಲ್ಲವೆಂಬ ಹಳೆಯ ಗೆರೆ ಅಳಿಸಿದ್ದು ಇಲ್ಲಿ. ಕರ್ನಾಟಕದಿಂದಲೂ ಇಂಥ ಒಂದು ಪತ್ರ ಹೋಯಿತು: 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರದಿಂದ ಆರಂಭವಾದ ರಾಮಮೂರ್ತಿ ವಿರುದ್ಧ ಕರ್ನಾಟಕ ಸರ್ಕಾರ ಎಂಬ ಪ್ರಕರಣ. ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಹೋಗಿ ವರದಿ ಸಲ್ಲಿಸಿದರು. 1996ರ ಡಿಸೆಂಬರ್ 23ರಂದು ಬಂದ ತೀರ್ಪು ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಕಳಪೆ ಊಟ ಬಟ್ಟೆ, ಹೊರಗಿನವರೊಡನೆ ಸಂಪರ್ಕದ ಕೊರತೆ ಮೊದಲಾದ ಒಂಬತ್ತು ಸಮಸ್ಯೆಗಳನ್ನು ಗುರುತಿಸಿ, 1894ರ ಕಾಯ್ದೆಯ ಜಾಗದಲ್ಲಿ ಹೊಸದು ಬರಬೇಕೆಂದು ಹೇಳಿತು. ಪತ್ರಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷಗಳಿದ್ದವು. ವಿಚಾರಣೆಯ ವಿಳಂಬ ಒಂಬತ್ತರಲ್ಲಿ ಒಂದು ಸಮಸ್ಯೆಯೆಂದು ಹೇಳಿದ ತೀರ್ಪಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದ ಮೇಲೆ ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ ಏರ್ಪಟ್ಟವು. ಈ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಅಭಿರಕ್ಷೆಯಲ್ಲಿರುವ ವ್ಯಕ್ತಿಗೆ, ಅವನ ಆದಾಯ ಎಷ್ಟೇ ಇರಲಿ, ಪ್ರಕರಣ ಹೂಡಲು ಅಥವಾ ಎದುರಿಸಲು ಉಚಿತ ಸೇವೆಯ 'ಹಕ್ಕು' ಉಂಟು. ಇದರ ವ್ಯಾಪ್ತಿಯನ್ನು ಹೊರದೇಶದೊಂದಿಗೆ ಹೋಲಿಸಿ ನೋಡಬೇಕು. ಅಮೆರಿಕದಲ್ಲಿ ಸಾರ್ವಜನಿಕ ಸಮರ್ಥಕರ, ಎಂದರೆ ಆರೋಪಿಗಳ ಪರವಾಗಿ ವಾದಿಸಲು ಸರ್ಕಾರವೇ ಸಂಬಳಕ್ಕೆ ಇಟ್ಟುಕೊಳ್ಳುವ ವಕೀಲರ, ಕಚೇರಿ ಲಾಸ್ ಏಂಜಲಿಸ್‌ನಲ್ಲಿ 1914ರಷ್ಟು ಹಿಂದೆಯೇ ತೆರೆಯಿತು. ಫ್ಲಾರಿಡಾದ ಜೈಲಿನಿಂದ ಬಂದಿಯೊಬ್ಬ ಪೆನ್ಸಿಲ್‌ನಲ್ಲಿ ಬರೆದ ಅರ್ಜಿಯ ಮೇಲೆ 1963ರಲ್ಲಿ ಬಂದ ಗಿಡಿಯನ್ ತೀರ್ಪು ಗಂಭೀರ ಅಪರಾಧದ ಬಡ ಆರೋಪಿಗೆ ಸರ್ಕಾರವೇ ವಕೀಲನನ್ನು ಒದಗಿಸುವುದನ್ನು ದೇಶಾದ್ಯಂತ ಕಡ್ಡಾಯವಾಗಿಸಿತು. ಆದರೆ ಆ ಹಕ್ಕು ಅಪರಾಧದ ಮೊಕದ್ದಮೆಗೆ ಸೀಮಿತ; ಜೈಲಿನ ಪರಿಸ್ಥಿತಿಯ ವಿರುದ್ಧ ಹೂಡುವ ನಾಗರಿಕ ದಾವೆಗೆ ಅಲ್ಲಿ ವಕೀಲನನ್ನು ಕೇಳುವ ಹಕ್ಕಿಲ್ಲ. ಇಲ್ಲಿಯ ಕಾಯ್ದೆ, ಓದಿಗೆ, ಹೆಚ್ಚು ವಿಶಾಲವಾದದ್ದು: ಬಂದಿಯು ತನ್ನ ಹೊಲದ ವಾಟ್ನಿಯಲ್ಲಿ, ಅಂದರೆ ಅಣ್ಣತಮ್ಮಂದಿರ ಪಾಲುಪಾರಿಕೆಯಲ್ಲಿ, ಮೋಸಹೋಗುತ್ತಿದ್ದರೂ, ಹೆಂಡತಿ ಮಕ್ಕಳ ಪಾಲನೆಯ ತಕರಾರಿದ್ದರೂ, ಪೆರೋಲ್ ನಿರಾಕರಣೆಯನ್ನು ಪ್ರಶ್ನಿಸಬೇಕಾಗಿದ್ದರೂ ಅದೇ ಕಲಮಿನಡಿ ನೆರವು ಕೇಳಬಹುದು.

ಓದಿಗೆ ವಿಶಾಲವಾದದ್ದು ನಡೆಯಲ್ಲಿ ಕಿರಿದಾಗಲು ಕಾರಣ ವಕೀಲರನ್ನು ಒದಗಿಸಿದ ಪದ್ಧತಿ. ಮೂರು ದಶಕಗಳ ಹತ್ತಿರದವರೆಗೆ ಈ ಕೆಲಸವನ್ನು ಮಾಡಿದವರು ಪ್ಯಾನಲ್ ವಕೀಲರು: ತಮ್ಮ ಖಾಸಗಿ ವೃತ್ತಿಯ ನಡುವೆ, ಪ್ರಕರಣಕ್ಕಿಷ್ಟು ಎಂಬ ಸಣ್ಣ ಸಂಭಾವನೆಗೆ, ಪ್ರಾಧಿಕಾರದ ಪಟ್ಟಿಯಿಂದ ನೇಮಕಗೊಳ್ಳುವವರು. ಅವರಲ್ಲಿ ಶ್ರದ್ಧೆಯುಳ್ಳವರು ಇರಲಿಲ್ಲವೆಂದಲ್ಲ. ಆದರೆ ದರ್ಗಾದ ಜೈಲಿಗೆ ಹೋಗಿ ಬಂದಿಯ ಎದುರು ಅರ್ಧ ದಿನ ಕಳೆಯುವುದಕ್ಕೆ ಆ ಪದ್ಧತಿಯಲ್ಲಿ ಬೆಲೆಯೇ ಇರಲಿಲ್ಲ. ಜೈಲಿನ ಒಳಗಿನ ಕಾನೂನು ನೆರವಿನ ಕೇಂದ್ರದಲ್ಲಿ ಅರೆಕಾನೂನು ಸ್ವಯಂಸೇವಕರು, ಎಂದರೆ ವಕೀಲರಲ್ಲದಿದ್ದರೂ ತರಬೇತಿ ಪಡೆದು ಅರ್ಜಿ ಬರೆದುಕೊಡುವವರು ಕೆಲಸ ಮಾಡುತ್ತಾರೆ. ದೀರ್ಘ ಶಿಕ್ಷೆಯ ಓದುಬಲ್ಲ ಬಂದಿಗಳನ್ನೂ ಇದಕ್ಕೆ ನೇಮಿಸಲು ಅವಕಾಶವಿದೆ. ಬ್ರಿಟಿಷರ ಕಾಲದಲ್ಲಿ ಜೈಲು ಅಪೀಲನ್ನು ಬರೆದುಕೊಡುತ್ತಿದ್ದ ಅಕ್ಷರಬಲ್ಲ ಬಂದಿಗೆ ಹೀಗೆ ಒಂದು ಸರ್ಕಾರಿ ಹುದ್ದೆಯ ಹೆಸರು ಬಂದಿತೆನ್ನಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2022ರಲ್ಲಿ ಅಂಗೀಕರಿಸಿದ ಯೋಜನೆಯಂತೆ ವಿಜಯಪುರವೂ ಸೇರಿ ಕರ್ನಾಟಕದ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ, ಎಂದರೆ ಆರೋಪಿಯ ಪರ ವಾದಿಸಲು ಸಂಬಳಕ್ಕೆ ನೇಮಕಗೊಂಡ ವಕೀಲರ, ಕಚೇರಿಗಳು ಬಂದವು. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ ಹತ್ತು ವರ್ಷಗಳ ಕ್ರಿಮಿನಲ್ ವಕೀಲಿಯ ಅನುಭವ ಬೇಕು. ಅವರೂ ಅವರ ಕೈಕೆಳಗಿನ ಉಪ ಹಾಗೂ ಸಹಾಯಕ ಅಭಿರಕ್ಷಕರೂ ಖಾಸಗಿ ಪ್ರಕರಣಗಳನ್ನು ತೆಗೆದುಕೊಳ್ಳುವಂತಿಲ್ಲ. ಬಂಧನದ ಹಂತದಿಂದ ಅಪೀಲಿನವರೆಗೆ ನೆರವು ಕೊಡಬೇಕು, ಜೈಲಿಗೆ ನಿಯಮಿತವಾಗಿ ಹೋಗಬೇಕು. ಸರ್ಕಾರಿ ಅಭಿಯೋಜಕರಿಗೆ, ಅಂದರೆ ಸರ್ಕಾರದ ಪರ ವಾದಿಸುವವರಿಗೆ, ಒಂದೂವರೆ ಶತಮಾನದಿಂದ ಇದ್ದ ಕಚೇರಿ, ಗುಮಾಸ್ತ, ಸಂಬಳಗಳು ಆರೋಪಿಯ ಕಡೆಯವರಿಗೆ ದೊರೆತದ್ದು ಇದೇ ಮೊದಲು. ಆದರೆ ಈ ಯೋಜನೆ ಕ್ರಿಮಿನಲ್ ಪ್ರಕರಣಗಳಿಗೆ ಮಾತ್ರ. ಬಂದಿಯ ವಾಟ್ನಿಯ ದಾವೆ ಇನ್ನೂ ಪ್ಯಾನಲ್ ವಕೀಲರ ಪಾಲಿಗೇ ಬರುತ್ತದೆ. ಜೈಲಿನಲ್ಲಿ ಬಂದಿಯ ಮಾತು ಕೇಳುವವರು ಒಬ್ಬರು, ಅದರ ಅರ್ಧವನ್ನು ನ್ಯಾಯಾಲಯಕ್ಕೆ ಒಯ್ಯುವವರು ಇನ್ನೊಬ್ಬರು ಎಂಬ ಈ ವಿಭಜನೆ ನೋಡಲು ಆಡಳಿತದ ವಿವರದಂತಿದ್ದರೂ, ನಾಗರಿಕ ಹಕ್ಕುಗಳು ಜಾರಿಹೋಗುವುದು ಇಂಥ ಸಂದಿನಲ್ಲಿಯೇ.

ಯಾರ ಮಾತನ್ನು ಕೇಳಬೇಕಾಗಿದೆಯೆಂಬುದನ್ನು ಅಂಕಿಅಂಶಗಳು ಹೇಳುತ್ತವೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಬಂದಿಗಳಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಮೊದಲ ಬಾರಿಯ ಆರೋಪಿಯಾದರೆ ಮೂರನೆಯ ಒಂದರಷ್ಟು ಕಾಲವನ್ನು ಸೆರೆಯಲ್ಲಿ ಕಳೆದವನನ್ನು ಬಿಡಬೇಕೆನ್ನುತ್ತದೆ, ಮತ್ತು ಅದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಕೆಲಸವನ್ನು ಜೈಲಿನ ಸೂಪರಿಂಟೆಂಡೆಂಟರಿಗೇ ವಹಿಸುತ್ತದೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಈ ಲಾಭ ಸಿಗುವುದಿಲ್ಲವಾದ್ದರಿಂದ, ಅಭಿರಕ್ಷಕರು ಜೈಲಿನ ದಾಖಲೆಯನ್ನು ಕಣ್ಣಾರೆ ನೋಡಿ, ಹಳೆಯ ಪ್ರಕರಣ ಎಂದೋ ಮುಗಿದುಹೋಗಿದೆಯೆಂಬುದನ್ನು ತೋರಿಸಿಕೊಡಬೇಕಾದ ಸಂದರ್ಭಗಳು ಬರುತ್ತವೆ.

2024ರ ಅಕ್ಟೋಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಬಂದ ಎರಡು ತೀರ್ಪುಗಳು ಈ ಚರಿತ್ರೆಯ ಎರಡು ಹಳೆಯ ಎಳೆಗಳನ್ನು ಮತ್ತೆ ಎತ್ತಿಕೊಂಡವು. 3ರಂದು ತೀರ್ಮಾನವಾದ ಸುಕನ್ಯಾ ಶಾಂತಾ ಪ್ರಕರಣವು ಜೈಲಿನಲ್ಲಿ ಜಾತಿಯಿಂದ ಕೆಲಸ ಹಂಚುವ ನಿಯಮಗಳನ್ನು ರದ್ದುಗೊಳಿಸಿತಲ್ಲದೆ, ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೊಂದಿಗೆ ತಳಕುಹಾಕುವ ಮಾತುಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಇನ್ನೂ ಉಳಿದಿರುವುದನ್ನು ಗುರುತಿಸಿ ಅವನ್ನೂ ತೆಗೆಸಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಮತ್ತು ಜೈಲಿನ ಸಂದರ್ಶಕ ಮಂಡಳಿಗಳು ಜೊತೆಯಾಗಿ ತಪಾಸಣೆ ನಡೆಸಬೇಕೆಂದಿತು. ವಿಜಾಪುರದ ತಂತಿಬೇಲಿಯ ವಸತಿಗೆ ಆಧಾರವಾಗಿದ್ದ ಕಾಯ್ದೆ ಹೋಗಿ ಆಗ ಎಪ್ಪತ್ತೆರಡು ವರ್ಷಗಳಾಗಿದ್ದವು. 23ರಂದು ಬಂದ ಸುಹಾಸ್ ಚಕ್ಮಾ ಪ್ರಕರಣದ ತೀರ್ಪು ಜೈಲುಗಳ ಕಾನೂನು ನೆರವಿನ ಕೇಂದ್ರಗಳ ಮೇಲ್ವಿಚಾರಣೆಯ ಬಗ್ಗೆ, ಪೊಲೀಸ್ ಠಾಣೆ, ಅಂಚೆ ಕಚೇರಿ, ಬಸ್ ನಿಲ್ದಾಣಗಳಲ್ಲಿ ಸ್ಥಳೀಯ ಭಾಷೆಯಲ್ಲಿ ಫಲಕ ಹಾಕುವುದರ ಬಗ್ಗೆ ನಿರ್ದೇಶನ ನೀಡಿತು. ಜೊತೆಗೆ, ಶಿಕ್ಷೆಯ ಅಥವಾ ಜಾಮೀನು ನಿರಾಕರಣೆಯ ತೀರ್ಪಿನ ಪ್ರತಿಯನ್ನು ಕೊಡುವಾಗ, ಮೇಲಿನ ನ್ಯಾಯಾಲಯಕ್ಕೆ ಹೋಗಲು ಉಚಿತ ವಕೀಲರು ದೊರೆಯುತ್ತಾರೆಂದು ತಿಳಿಸುವ ಒಂದು ಹಾಳೆಯನ್ನು ಅದರ ಮೇಲೆ ಲಗತ್ತಿಸುವಂತೆ ಉಚ್ಚ ನ್ಯಾಯಾಲಯಗಳು ನೋಡಿಕೊಳ್ಳಬೇಕೆಂದು ಸೂಚಿಸಿತು. ಹೊಸ್ಕೋಟ್ ತೀರ್ಪು ಪ್ರತಿಯನ್ನು ಕೊಡಿರೆಂದಿತ್ತು. ನಲವತ್ತಾರು ವರ್ಷಗಳ ಬಳಿಕ ಬಂದ ತೀರ್ಪು, ಆ ಪ್ರತಿಯನ್ನು ಹಿಡಿದು ಯಾರ ಬಳಿಗೆ ಹೋಗಬೇಕೆಂಬುದನ್ನೂ ಬರೆದುಕೊಡಿರೆಂದಿತು. ವಿಜಯಪುರದ ಸೆಷನ್ಸ್ ನ್ಯಾಯಾಲಯದಿಂದ ಹೊರಡುವ ಅಂಥ ಹಾಳೆಯಲ್ಲಿ ಅಪೀಲಿನ ವಿಳಾಸವಾಗಿ ಈಗ ಬರುವುದು ಮುಂಬಯಿಯೂ ಅಲ್ಲ, ಬೆಂಗಳೂರೂ ಅಲ್ಲ. ಅದು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ, ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ.